ಚಾಸಿಯ ಹೊಟ್ಟೆಯೊಳಗಿನ ಜಂಗು

ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದು, ಮುರಿದು ಬಂದದ್ದನ್ನು ಬೆಸೆದು ಕೊಡುವುದು ನನ್ನ ಕಸುಬು. ಊರು ಹಾನಗಲ್ಲ. ವರ್ಕ್‌ಶಾಪಿಗೆ ಬಂದ ಟ್ರೇಲರಿನ ಅಡಿಗೆ ತಲೆ ಹಾಕಿದರೆ ಅದು ಯಾವ ಸೀಮೆಯಲ್ಲಿ ದುಡಿದದ್ದು, ಏನು ಹೊತ್ತದ್ದು ಎಂದು ಬಹುಮಟ್ಟಿಗೆ ಹೇಳಬಲ್ಲೆ. ಸವಣೂರು ಕಡೆಯ ಎರಿಹೊಲದಲ್ಲಿ ತಿರುಗಿದ್ದರೆ ಚಾನಲ್ಲಿನ ಮೂಲೆಗಳಲ್ಲಿ ಕರಿಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆದರೆ ಅಡಿಯ ಕಬ್ಬಿಣ ಹಪ್ಪಳದ ಹಾಗೆ ಪದರು ಪದರಾಗಿ ಎದ್ದು ಬರುತ್ತದೆ. ನಮ್ಮ ಕಡೆಯ ಭತ್ತದ ಗದ್ದೆಗೆ ಹೋಗಿಬರುವ ಗಾಡಿಗೆ ಚಕ್ರದ ಹತ್ತಿರ ಮೊದಲ ಪೆಟ್ಟು. ಎಲ್ಲಕ್ಕಿಂತ ಕೆಟ್ಟು ಬರುವುದು ಗೊಬ್ಬರ ಹೇರಿದ ಟ್ರೇಲರ್. ಯೂರಿಯಾ, ಪೊಟ್ಯಾಶ್ ಚೀಲ ಹರಿದು ಚೆಲ್ಲಿದ ಕಡೆ ದಪ್ಪ ಪತ್ರಾ ಕೂಡ ಕೆಲವೇ ಮಳೆಗಾಲಗಳಲ್ಲಿ ತೂತು ಬೀಳುತ್ತದೆ.

ಹೀಗೆ ದಿನವೂ ತುಕ್ಕಿನ ಜೊತೆ ಹೆಣಗುವವನ ಮನೆಯಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಅಪ್ಪನ ಕಾಲದ್ದು, ನಾಲ್ಕು ಬಾಗಿಲಿನದು. ಅದರ ಚಾಸಿಯನ್ನು ಕಾಪಾಡಿಕೊಂಡು ಬಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಜೀಪು, ಹಳೆಯ ಕಾರು ಇಟ್ಟುಕೊಂಡವರು ಶಿಗ್ಗಾಂವಿ, ಹಿರೇಕೆರೂರು, ಸವಣೂರುಗಳಿಂದ ಬಂದು ಕೇಳುವುದು ಹೆಚ್ಚಾಗಿ ಬಣ್ಣದ ವಿಚಾರ, ಎಂಜಿನ್ನಿನ ವಿಚಾರ. ನಾನು ಅವರನ್ನು ಮೊದಲು ಗಾಡಿಯ ಅಡಿಗೆ ಕರೆದುಕೊಂಡು ಹೋಗುತ್ತೇನೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಚಾಸಿ ಹೋದರೆ ಗಾಡಿಯೇ ಹೋದಂತೆ.

ಹೆರಾಲ್ಡ್ ಬಗ್ಗೆ ಎರಡು ಮಾತು ಹೇಳಲೇಬೇಕು. ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ 1959ರಲ್ಲಿ ಇದನ್ನು ಹೊರತಂದಿತು. ವಿನ್ಯಾಸ ಇಟಲಿಯ ಜೊವಾನ್ನಿ ಮಿಕೆಲೊತ್ತಿಯವರದು. ಆ ಹೊತ್ತಿಗೆ ಬೇರೆ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಚಾಸಿ ಬಿಟ್ಟು, ಮೈಯನ್ನೇ ಪೆಟ್ಟಿಗೆಯಂತೆ ಬೆಸೆದು ನಿಲ್ಲಿಸುವ ದಾರಿ ಹಿಡಿದಿದ್ದವು. ಇವರಿಗೆ ಪೂರ್ತಿ ಮೈಯನ್ನು ಒತ್ತಿ ಕೊಡುವ ಕಾರ್ಖಾನೆ ಎದುರಾಳಿ ಕಂಪನಿಯ ಕೈಸೇರಿತ್ತು. ಹಾಗಾಗಿ ಬೇರೆಯೇ ಚಾಸಿ ಮಾಡಿ, ಅದರ ಮೇಲೆ ಮೈಯನ್ನು ತುಂಡು ತುಂಡಾಗಿ ಬೋಲ್ಟು ಹಾಕಿ ಕೂರಿಸಿದರು. ಮುಂದಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಇದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಮಾಡಿದರು. ಅದು 1980ರವರೆಗೆ ಬಂತು. ನಮ್ಮಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಹೆರಾಲ್ಡ್ ತಯಾರಿಸಿತು. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬರಲೇ ಇಲ್ಲ, ಅದು ನಮ್ಮ ದೇಶದ್ದೇ. ಹೊರದೇಶದಲ್ಲಿ ಸ್ಪಿಟ್‌ಫೈರ್ ಸಾಕುವವನ ಚಿಂತೆ, ಹಾನಗಲ್ಲಿನಲ್ಲಿ ಹೆರಾಲ್ಡ್ ಸಾಕುವವನ ಚಿಂತೆ ಎರಡೂ ಒಂದೇ ಬಳಗದವು.

ಆ ಚಾಸಿಯ ರಚನೆ ನೋಡಿ. ಗಾಡಿಯ ನಡುವೆ ಬೆನ್ನುಮೂಳೆಯ ಜಾಗದಲ್ಲಿ ಎರಡು ಟೊಳ್ಳು ಪೆಟ್ಟಿಗೆ-ರೈಲುಗಳು. ಅವುಗಳಿಂದ ಎಡಬಲಕ್ಕೆ ಚಾಚಿದ ಕೈಗಳು, ಔಟ್‌ರಿಗ್ಗರ್ ಎನ್ನುತ್ತಾರೆ. ಹೊರಗಡೆ ಇನ್ನೊಂದು ಸಣ್ಣ ರೈಲು. ಎಲ್ಲವೂ ಒಳಗೆ ಖಾಲಿ. ಚಕ್ರ ಎರಚಿದ ಕೆಸರು ನೀರು ಸಂದುಗಳಿಂದ ಒಳಗೆ ಹೋಗುತ್ತದೆ. ನೀರು ಇಳಿಯಲೆಂದು ಬಿಟ್ಟ ತೂತುಗಳಲ್ಲಿ ಮಣ್ಣು ಕಟ್ಟಿಕೊಂಡರೆ ಅಲ್ಲೇ ನಿಲ್ಲುತ್ತದೆ. ಎಂಜಿನ್ ಕಡೆ ಆಯಿಲ್ ಸೋರಿ ಸೋರಿ ಮುಂಭಾಗ ತಾನಾಗಿ ಎಣ್ಣೆ ಕುಡಿದಿರುತ್ತದೆ, ಆದ್ದರಿಂದ ಅಲ್ಲಿ ಅಷ್ಟು ತೊಂದರೆಯಿಲ್ಲ. ಹಿಂದಿನ ಚಕ್ರಗಳ ಆಚೆ, ಡಿಕ್ಕಿಯನ್ನು ಹೊತ್ತ ಔಟ್‌ರಿಗ್ಗರುಗಳೇ ಮೊದಲು ಕೊಳೆಯುವುದು. ಹೊರಗೆ ಕಪ್ಪು ಬಣ್ಣ ಮಿರಮಿರ ಹೊಳೆಯುತ್ತಿರುತ್ತದೆ, ಒಳಗೆ ಅರ್ಧ ದಪ್ಪ ಹೋಗಿರುತ್ತದೆ. ಚಾಸಿಯನ್ನು ತುಕ್ಕು ತಿನ್ನುವುದು ಒಳಗಿನಿಂದ. ಇದೊಂದನ್ನು ಒಪ್ಪಿಕೊಂಡರೆ ಮಾಡಬೇಕಾದ ಕೆಲಸದ ಕ್ರಮವೇ ಬದಲಾಗುತ್ತದೆ.

ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯ ಆಮ್ಲಜನಕವೂ ಬೇಕು. ಮಳೆಯೇ ಬೀಳಬೇಕೆಂದಿಲ್ಲ, ಗಾಳಿಯ ತೇವ ಶೇ 60 ದಾಟಿತೆಂದರೆ ಕಣ್ಣಿಗೆ ಕಾಣದ ನೀರಿನ ತೆಳು ಪೊರೆ ಕಬ್ಬಿಣದ ಮೇಲೆ ಕೂರತೊಡಗುತ್ತದೆ. ಮಲೆನಾಡಿನ ಅಂಚಿಗೆ ಇರುವ ಹಾನಗಲ್ಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಹಗಲು ರಾತ್ರಿ ನಡೆಯುವ ವ್ಯವಹಾರ. ಮೇಲೆ ಉಪ್ಪು ಸೇರಿದರೆ ಕೆಲಸ ಹಲವು ಪಟ್ಟು ಜೋರು. ಇಂಗ್ಲೆಂಡಿನವರು ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅವರ ಹಳೆಯ ಕಾರುಗಳನ್ನು ಕೊಂದದ್ದು ಅದೇ. ನಮ್ಮಲ್ಲಿ ಆ ಜಾಗದಲ್ಲಿ ಗೊಬ್ಬರ ಇದೆ. ಪೊಟ್ಯಾಶ್ ಎಂದು ನಾವು ಕರೆಯುವುದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಖಾಸಾ ಸಂಬಂಧಿ. 30 ಡಿಗ್ರಿ ಶಾಖದಲ್ಲಿ ಯೂರಿಯಾ ಗಾಳಿಯ ತೇವವನ್ನು ಹೀರಿ ನೀರಾಗಲು ಸುಮಾರು ಶೇ 73 ಆರ್ದ್ರತೆ ಬೇಕು, ಪೊಟ್ಯಾಶಿಗೆ ಶೇ 84. ಎರಡೂ ಬೆರೆತರೆ ಶೇ 60 ಸಾಕು. ಅಂದರೆ ಬೆರೆತ ಗೊಬ್ಬರದ ಪುಡಿ ಕೂತ ಕಬ್ಬಿಣ, ಮಳೆ ನಿಂತ ಮೇಲೂ ಒದ್ದೆಯಾಗಿಯೇ ಇರುತ್ತದೆ. ಹಳೆಯ ಕಾರನ್ನು ಗೊಬ್ಬರದ ಚೀಲ ಇಟ್ಟ ಕೋಣೆಯಲ್ಲಿ ನಿಲ್ಲಿಸಬೇಡಿ ಎಂದು ನಾನು ಎಲ್ಲರ ಹತ್ತಿರ ಜಗಳಕ್ಕೆ ನಿಲ್ಲುವುದು ಇದಕ್ಕೇ. ದನದ ಕೊಟ್ಟಿಗೆಯೂ ಬೇಡ. ಗಂಜಲದ ಅಮೋನಿಯಾ, ಉಪ್ಪು, ತೇವ ಮೂರೂ ಅಲ್ಲಿ ಕೂಡಿರುತ್ತವೆ.

ಮಣ್ಣಿನದು ಇನ್ನೊಂದು ಗುಣ. ಎರಿಮಣ್ಣು ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಮಣ್ಣಿನ ಹೆಂಟೆಯ ಅಡಿಯಲ್ಲಿ ಆಮ್ಲಜನಕ ಕಡಿಮೆ, ಹೊರಗಿನ ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದಲೇ ಅಲ್ಲೊಂದು ಸಣ್ಣ ವಿದ್ಯುತ್ ಕೋಶ ಹುಟ್ಟಿ, ಗಾಳಿ ಸಿಗದ ಭಾಗದ ಕಬ್ಬಿಣ ಕರಗುತ್ತ ಹೋಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಎರಡು ಪತ್ರಾ ಕೂಡಿದ ಸಂದಿನಲ್ಲಿ ಹುಟ್ಟಿದರೆ ಬೆಸುಗೆಯನ್ನೇ ಅಗಲಿಸಿಬಿಡುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಸಂಕ್ರಾಂತಿ ಕಳೆದು ಯುಗಾದಿಯೊಳಗೆ ಮಾಡಿ. ಗಾಳಿ ಒಣಗಿರುತ್ತದೆ, ಬಣ್ಣ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಹೋಗಕೂಡದು. ಸಿಮೆಂಟಿನ ಟೊಳ್ಳು ಇಟ್ಟಿಗೆಯನ್ನೂ ನಂಬಬೇಡಿ, ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ದಪ್ಪ ಮರದ ದಿಮ್ಮಿ ಎಷ್ಟೋ ವಾಸಿ. ಬ್ಯಾಟರಿ ವೈರು ಬಿಚ್ಚಿ. ಹೆರಾಲ್ಡಿನ ಪೆಟ್ರೋಲ್ ಟ್ಯಾಂಕು ಡಿಕ್ಕಿಯ ಎಡಗಡೆ, ಸರಿಯಾಗಿ ಕೊಳೆಯುವ ಔಟ್‌ರಿಗ್ಗರಿನ ಮೇಲೇ ಇದೆ. ಅಲ್ಲಿ ಗ್ರೈಂಡರ್ ಕಿಡಿ ಹಾರಿಸುವ ಮುಂಚೆ ಟ್ಯಾಂಕ್ ಇಳಿಸಿ ಹೊರಗೆ, ದೂರ ಇಡಬೇಕು.

ಮಣ್ಣನ್ನು ಮೊದಲು ಮರದ ಚೂಪಿನಿಂದ ಕೆರೆದು, ಆಮೇಲೆ ಸಾದಾ ಪೈಪಿನ ನೀರಿನಿಂದ ತೊಳೆಯಿರಿ. ಸರ್ವಿಸ್ ಸ್ಟೇಶನ್ನಿನ ಜೋರು ನೀರು ಸಂದಿನೊಳಗೆ ಕೆಸರನ್ನು ಇನ್ನೂ ಆಳಕ್ಕೆ ನೂಕುತ್ತದೆ. ಚಾಸಿಯ ಪ್ರತಿ ತೂತಿಗೂ ತಂತಿ ಹಾಕಿ ತಿರುವಿ. ಒಳಗಿಂದ ಕೆಂಪು ನೀರು ಬರುತ್ತದೆ, ಅದು ತಿಳಿಯಾಗುವವರೆಗೆ ನೀರು ಬಿಡಿ. ಆಮೇಲೆ ಒಳ್ಳೆಯ ಬಿಸಿಲಲ್ಲಿ ದಿನಗಟ್ಟಲೆ ಒಣಗಬೇಕು. ಒದ್ದೆ ಪೆಟ್ಟಿಗೆಯ ಬಾಯಿ ಮುಚ್ಚಿದರೆ ಅದು ತುಕ್ಕಿಗೆ ಮಾಡಿಕೊಟ್ಟ ಮನೆ.

ಒಣಗಿದ ಮೇಲೆ ಸುತ್ತಿಗೆ. ಬಂಕಾಪುರದ ಹತ್ತಿರ ಹೆದ್ದಾರಿ ಪಕ್ಕ ಲಾರಿ ಚಾಸಿ ನೋಡುತ್ತಿದ್ದ ಹಿರಿಯ ಕಮ್ಮಾರರೊಬ್ಬರಿಂದ ನಾನಿದನ್ನು ಕಲಿತೆ. ಸಣ್ಣ ಸುತ್ತಿಗೆಯಿಂದ ರೈಲಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಠಣ್ಣೆಂದು ಮಾರ್ದನಿ ಕೊಡುತ್ತದೆ. ತಿಂದುಹೋದ ಕಡೆ ಡಬ್ಬೆಂದು ಸತ್ತ ಸದ್ದು, ಒಳಗೆ ಪುಡಿ ಉದುರುವುದೂ ಕೇಳಿಸುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸ್ಕ್ರೂಡ್ರೈವರಿನ ಮೊನೆ ಊರಿ ಒತ್ತಿ ನೋಡಿ. ತೂರಿಹೋದರೆ ಆ ಭಾಗ ಬಣ್ಣದ ಕೆಲಸಕ್ಕೆ ಸೇರಿದ್ದಲ್ಲ, ವೆಲ್ಡಿಂಗಿನದು. ಎಂ-ಸೀಲ್, ಫೈಬರ್ ಹಚ್ಚಿ ಮುಚ್ಚುವುದು ಮುಂದಿನ ಸೀಟಿನಲ್ಲಿ ಕೂತವರ ಜೀವದ ಜೊತೆ ಆಟ. ಕೊಳೆತ ತುಂಡು ಕತ್ತರಿಸಿ, ಅದೇ ದಪ್ಪದ ಹೊಸ ಪತ್ರಾ ಬೆಸೆಯಬೇಕು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಬೇಕು, ಮೂಲೆಯಿಂದ ಮೂಲೆಗೆ ಅಳತೆ ತಾಳೆ ನೋಡುತ್ತಿರಬೇಕು. ಇದನ್ನು ಕೈಪಳಗಿದವರಿಗೆ ಬಿಡಿ.

ಹಿರೇಕೆರೂರಿನ ಗೆಳೆಯನೊಬ್ಬನ ಹತ್ತಿರ ಹಳೆಯ ಮಹೀಂದ್ರಾ ಜೀಪಿದೆ. ಏಣಿಯಂಥ ಚಾಸಿ, ಕೈಗೆ ಸಿಗುತ್ತದೆ, ಅದರ ಕೆಲಸ ಸಲೀಸು. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಬೇರೆ ಚಾಸಿಯೇ ಇಲ್ಲ. ಬಾಗಿಲಡಿಯ ಹೊಸ್ತಿಲ ಪೆಟ್ಟಿಗೆಗಳೇ ಅವರ ಚಾಸಿ. ಅವುಗಳನ್ನೂ ಇದೇ ಸುತ್ತಿಗೆಯಿಂದ ಕೇಳಿಸಿಕೊಳ್ಳಬೇಕು.

ಗಟ್ಟಿಯಿದ್ದ ಕಡೆ ತಂತಿ ಬ್ರಷ್, ಗ್ರೈಂಡರಿನ ತಂತಿ ಬಟ್ಟಲು, ಉಜ್ಜು ಕಾಗದ ಹಿಡಿದು ಎದ್ದ ತುಕ್ಕನ್ನೆಲ್ಲ ತೆಗೆಯಿರಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಕೂರಬೇಡಿ. ಬ್ರೇಕಿನ ಕಬ್ಬಿಣದ ಕೊಳವೆಗಳು ಚಾಸಿಗೆ ಅಂಟಿಕೊಂಡೇ ಹೋಗುತ್ತವೆ, ಅವುಗಳ ಮೇಲೆ ಗ್ರೈಂಡರ್ ಆಡಿಸಬಾರದು. ಅವು ತುಕ್ಕು ತಿಂದಿದ್ದರೆ ಬದಲಿಸುವುದೇ ದಾರಿ. ಎಷ್ಟು ಉಜ್ಜಿದರೂ ಸಣ್ಣ ಸಣ್ಣ ಗುಳಿಗಳಲ್ಲಿ ಕಂದು ಬಣ್ಣ ಉಳಿಯುತ್ತದೆ. ಅದಕ್ಕೇ ತುಕ್ಕು ಪರಿವರ್ತಕ ದ್ರವಗಳು. ಅವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಫಾಸ್ಫಾರಿಕ್ ಆಮ್ಲ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ದಿಲ್ಲಿಯ ಸುಮಾರು 1,600 ವರ್ಷದ ಕಬ್ಬಿಣದ ಕಂಬವನ್ನು ಕಾಯುತ್ತಿರುವುದೂ ರಂಜಕವೇ (ಫಾಸ್ಫರಸ್) ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟರು: ಆ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದರಿಂದ ಮೇಲ್ಮೈಯಲ್ಲಿ ರಕ್ಷಣೆಯ ತೆಳು ಪದರ ಕಟ್ಟಿಕೊಂಡಿದೆ. ನಮ್ಮ ಕೊಡಚಾದ್ರಿಯ ಮೇಲೂ ಹಳೆಯ ಕಬ್ಬಿಣದ ಕಂಬವೊಂದು ಘಟ್ಟದ ಮಳೆಗೆ ಮೈಯೊಡ್ಡಿ ನಿಂತಿದೆ. ಇಂಥ ಕಬ್ಬಿಣ ಮಾಡಿದ ನಾಡಿನವರು ನಾವು ಎಂಬುದು ನನಗೆ ಹೆಮ್ಮೆಯ ಮಾತು. ಕಾರಿನ ಚಾಸಿಯ ಉಕ್ಕಿಗೆ ಆ ಭಾಗ್ಯವಿಲ್ಲ, ರಂಜಕವನ್ನು ನಾವೇ ಹೊರಗಿಂದ ಹಚ್ಚಬೇಕು. ಹಚ್ಚಿ ಒಂದು ದಿನ ಬಿಟ್ಟು, ಉಳಿದ ಆಮ್ಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿಯೇ ಮುಂದುವರಿಯಬೇಕು.

ಇನ್ನೊಂದು ಜಾತಿಯಲ್ಲಿ ಟ್ಯಾನಿನ್. ಇದು ತುಕ್ಕಿನ ಜೊತೆ ಕೂಡಿ ಗಟ್ಟಿಯಾದ ನೀಲಿಗಪ್ಪು ವಸ್ತುವಾಗುತ್ತದೆ. ಅಳಲೆಕಾಯಿಯಲ್ಲಿ ಇರುವುದು ಇದೇ. ಹಿಂದಿನವರು ಅಳಲೆಕಾಯಿ, ಅನ್ನಭೇದಿ ಕೂಡಿಸಿ ಮಸಿ ಮಾಡುತ್ತಿದ್ದರು, ಚರ್ಮ ಹದ ಮಾಡುವವರಿಗೂ ಅಳಲೆ ಬೇಕೇಬೇಕು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಬ್ಬಿಣದ ಸಾಮಾನು ಉಳಿಸುವವರು ಇಂದಿಗೂ ಟ್ಯಾನಿಕ್ ಆಮ್ಲ ಹಚ್ಚುತ್ತಾರೆ. ಅಳಲೆ ಪುಡಿಯನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಸೋಸಿ, ಟ್ರೇಲರಿನ ತೆಳು ತುಕ್ಕಿನ ಮೇಲೆ ನಾನು ಹಚ್ಚಿ ನೋಡಿದ್ದೇನೆ. ಕಣ್ಣೆದುರಿಗೇ ಕಂದು ಹೋಗಿ ಕಪ್ಪಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಷಾಯ ಅಲ್ಲೇ ಮಸಿಯಾಗಿ ಕೆಟ್ಟುಹೋಗುತ್ತದೆ. ದಪ್ಪ ತುಕ್ಕಿನೊಳಕ್ಕೆ ಇದು ಇಳಿಯುವುದಿಲ್ಲ, ಅಂಗಡಿಯ ದ್ರವದ ಬಲವೂ ಇದಕ್ಕಿಲ್ಲ. ಹಾಗಾಗಿ ಕಾರಿನ ಚಾಸಿಗೆ ಅಂಗಡಿಯದನ್ನೇ ಬಳಸುತ್ತೇನೆ, ಕೈಗಾಡಿ, ಗೇಟು, ನೇಗಿಲಿಗೆ ಅಳಲೆ.

ಬಣ್ಣದ ವಿಷಯದಲ್ಲಿ ನಮ್ಮ ಕಡೆ ಒಂದು ರೂಢಿ ಇದೆ: ರೆಡ್ ಆಕ್ಸೈಡ್ ಬಳಿದು ಕೈ ತೊಳೆದುಕೊಳ್ಳುವುದು. ರೆಡ್ ಆಕ್ಸೈಡ್ ಅಡಿಲೇಪ ಮಾತ್ರ. ಅದು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಮೇಲೆ ಇನ್ನೊಂದು ಬಣ್ಣ ಬೀಳದಿದ್ದರೆ ಒಂದು ಮಳೆಗಾಲಕ್ಕೇ ಅಡಿಯಲ್ಲಿ ತುಕ್ಕು ಶುರು. ಚಾಸಿಗೆ ನಾನು ಹಚ್ಚುವುದು ಎರಡು ಡಬ್ಬಿ ಕೂಡಿಸಿ ಕಲೆಸುವ ಎಪಾಕ್ಸಿ ಪ್ರೈಮರ್, ಜಿಂಕ್ ಫಾಸ್ಫೇಟ್ ಇರುವುದು. ಬರೀ ಕಬ್ಬಿಣ ತೆರೆದು ಹೊಳೆಯುವ ಕಡೆ ಸತುವಿನ ಪುಡಿ ತುಂಬಿದ ಬಣ್ಣವೂ ಒಳ್ಳೆಯದೇ. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. 1948ರ ಮೊದಮೊದಲ ಲ್ಯಾಂಡ್ ರೋವರ್ ಮಾದರಿಗಳ ಚಾಸಿಯನ್ನು ಕರಗಿದ ಸತುವಿನಲ್ಲೇ ಅದ್ದಿದ್ದರು. ಸುಮಾರು 450 ಡಿಗ್ರಿ ಶಾಖದ ಆ ಕೆಲಸ ಮನೆಯಂಗಳದ್ದಲ್ಲ.

ಬ್ರಷ್‌ನಿಂದಲೇ ಬಳಿಯಿರಿ. ಮೊದಲು ಅಂಚು, ಬೆಸುಗೆ ಗೆರೆ, ಬೋಲ್ಟಿನ ಸುತ್ತ ಒಂದು ಕೈ ಹಚ್ಚಿ, ಆಮೇಲೆ ಇಡೀ ರೈಲಿಗೆ. ಹಸಿ ಬಣ್ಣ ಚೂಪು ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ, ಅದಕ್ಕೇ ತುಕ್ಕು ಯಾವಾಗಲೂ ಅಂಚಿನಲ್ಲಿ ಹುಟ್ಟುವುದು. ಬೆಳಗಿನ ಇಬ್ಬನಿ ಹೊತ್ತಿನಲ್ಲಿ ಬಳಿಯಬೇಡಿ. ಕಬ್ಬಿಣದ ಶಾಖ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ನಮ್ಮಲ್ಲಿ ಬೆಳಿಗ್ಗೆ ಹತ್ತರ ಬಿಸಿಲು ಏರಿದ ಮೇಲೆ ತೊಂದರೆಯಿಲ್ಲ. ಪ್ರೈಮರ್ ಮೇಲೆ ಕಪ್ಪು ಚಾಸಿ ಬಣ್ಣ ಎರಡು ಕೈ ಸಾಕು. ರಬ್ಬರಿನಂತೆ ದಪ್ಪಗೆ ಬಳಿಯುವ ಡಾಂಬರು ಲೇಪ ನನಗೆ ಇಷ್ಟವಿಲ್ಲ. ಒಂದು ಕಲ್ಲು ತಾಗಿ ಬಿರುಕು ಬಿಟ್ಟರೆ ನೀರು ಒಳಗೆ ಸೇರುತ್ತದೆ, ಹೊರಗೆ ಬರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಎಪಾಕ್ಸಿಗೂ ಈ ಅಪಾಯ ತಪ್ಪಿದ್ದಲ್ಲ. 1981ರಲ್ಲಿ ಬಂದ ಡೆಲೋರಿಯನ್ ಕಾರಿನ ಮೈ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದು, ಚಾಸಿ ಮಾತ್ರ ಎಪಾಕ್ಸಿ ಹೊದಿಸಿದ ಸಾದಾ ಉಕ್ಕು. ಆ ಹೊದಿಕೆ ಬಿರುಕು ಬಿಟ್ಟ ಕಡೆಯಲ್ಲೆಲ್ಲ ಅಡಿಯಲ್ಲೇ ತುಕ್ಕು ಹರಡಿತು. ಎಪಾಕ್ಸಿ ಒಳ್ಳೆಯದೇ, ಆದರೆ ವರ್ಷಕ್ಕೊಮ್ಮೆ ಕೆಳಗೆ ಮಲಗಿ, ಎದ್ದ ಕಡೆ ಕೆರೆದು ಮತ್ತೆ ಬಳಿಯುವವನಿಗೆ ಮಾತ್ರ.

ಹೊರಗಿನದು ಮುಗಿಯಿತು, ನಿಜವಾದ ಕೆಲಸ ಒಳಗಿನದು. ಬ್ರಷ್ ಹೋಗದ ಆ ಟೊಳ್ಳುಗಳಿಗೆ ಮೇಣ ಅಥವಾ ಜಿಡ್ಡು ಸಿಂಪಡಿಸಬೇಕು. ಹೆಚ್ಚಿನವರು ಸುಟ್ಟ ಆಯಿಲ್ ಹುಯ್ಯುತ್ತಾರೆ, ದುಡ್ಡಿಲ್ಲದೆ ಸಿಗುತ್ತದೆ ಎಂದು. ನಾನು ಅದನ್ನು ಕಟುವಾಗಿ ವಿರೋಧಿಸುತ್ತೇನೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲ ಸೇರಿರುತ್ತದೆ, ರಬ್ಬರ್ ಬುಷ್‌ಗಳು ಊದಿ ಹಾಳಾಗುತ್ತವೆ, ತೊಟ್ಟಿಕ್ಕಿದ್ದು ಅಂಗಳದ ಮಣ್ಣಿಗೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ.

ನನ್ನ ಆಯ್ಕೆ ಲ್ಯಾನೋಲಿನ್, ಕುರಿಯ ಉಣ್ಣೆಯ ಜಿಡ್ಡು. ಮಳೆಯಲ್ಲಿ ಕುರಿ ಕಾಯುವವರ ಕಂಬಳಿ ನೀರನ್ನು ಸುಲಭಕ್ಕೆ ಒಳಗೆ ಬಿಡದಿರುವುದರಲ್ಲಿ ಈ ಜಿಡ್ಡಿನ ಪಾಲೂ ಇದೆ. ಮುಲಾಮು ಮಾಡುವವರಿಗೆ ಮಾರುವ ಕೆಮಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕಬ್ಬಿಣಕ್ಕೆ ಬಿಗಿಯಾಗಿ ಅಂಟುತ್ತದೆ, ಒಣಗಿ ಬಿರಿಯುವುದಿಲ್ಲ, ಗೀರು ಬಿದ್ದರೆ ತಾನೇ ಹರಡಿಕೊಂಡು ಮುಚ್ಚುತ್ತದೆ. ಕೊರತೆ ಎಂದರೆ 40 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಏಪ್ರಿಲ್ ಬಿಸಿಲಿಗೆ ಸೋರಬಹುದು. ಅದಕ್ಕೆ ಸ್ವಲ್ಪ ಜೇನುಮೇಣ ಸೇರಿಸುತ್ತೇನೆ, ಅದು ಕರಗಲು 60 ಡಿಗ್ರಿಗೂ ಮೇಲೆ ಬೇಕು. ಎರಡನ್ನೂ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆಯಿಂದ ದೂರ, ಬಯಲಿಗೆ ತಂದು, ಎರಡು ಮೂರು ಪಾಲು ಟರ್ಪೆಂಟೈನ್ ಬೆರೆಸಬೇಕು. ಟರ್ಪೆಂಟೈನ್ ಇರುವಲ್ಲಿ ಬೆಂಕಿ, ಬೀಡಿ, ಸ್ವಿಚ್ಚು ಯಾವುದೂ ಬೇಡ. ಬೆಳೆಗೆ ಔಷಧ ಹೊಡೆಯುವ ಸಣ್ಣ ಕೈಪಂಪು ಇದಕ್ಕೆ ಸರಿಹೋಗುತ್ತದೆ, ಇದಕ್ಕೆಂದೇ ಬೇರೆಯದನ್ನು ಇಟ್ಟುಕೊಳ್ಳಿ. ಅದರ ಬಾಯಿಗೆ ತೆಳು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಕೊಳವೆಯ ತುದಿ ಮುಚ್ಚಿ ಪಕ್ಕದಲ್ಲಿ ಸೂಜಿಯಿಂದ ತೂತು ಮಾಡಿದರೆ ಸುತ್ತಲೂ ಸಿಂಪಡಿಸುತ್ತದೆ. ರೈಲಿನ ಕೊನೆಯವರೆಗೆ ಕೊಳವೆ ತೂರಿಸಿ, ಪಂಪು ಒತ್ತುತ್ತ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಕೆಳಗಿನ ತೂತುಗಳಿಂದ ಜಿಡ್ಡು ತೊಟ್ಟಿಕ್ಕಿತೆಂದರೆ ಒಳಗೆಲ್ಲ ತಲುಪಿದೆ. ಬ್ರೇಕ್ ಡ್ರಮ್ಮು, ರಬ್ಬರ್ ಭಾಗಗಳನ್ನು ಮೊದಲೇ ಬಟ್ಟೆ ಕಟ್ಟಿ ಮುಚ್ಚಿರಬೇಕು. ತೊಟ್ಟಿಕ್ಕುವುದು ನಿಂತ ಮೇಲೆ ನೀರಿಳಿಯುವ ತೂತುಗಳಿಗೆ ಮತ್ತೊಮ್ಮೆ ತಂತಿ ಹಾಕಿ. ಮೇಣ ಅವನ್ನು ಕಟ್ಟಿಬಿಟ್ಟರೆ ಮಾಡಿದ್ದೆಲ್ಲ ತಿರುಗುಬಾಣ.

ಕಾರು ನಿಲ್ಲುವ ಜಾಗವೂ ಈ ಕೆಲಸದ ಭಾಗವೇ. ಮಣ್ಣಿನ ನೆಲ ರಾತ್ರಿಯಿಡೀ ತೇವ ಉಗುಳುತ್ತದೆ, ಅದು ನೇರ ಚಾಸಿಗೇ ಏರುತ್ತದೆ. ಸಿಮೆಂಟು ನೆಲ ಮಾಡಿಸುವವರು ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮಾಡಿಸಲಿ. ಎರಡು ಕಡೆಯಿಂದ ಗಾಳಿ ಆಡಬೇಕು. ತಾಡಪಾಲು ಬಿಗಿದು ಕಟ್ಟಿದ ಕಾರಿಗಿಂತ ಬರೀ ಮಾಡಿನ ಕೆಳಗೆ ತೆರೆದು ನಿಂತ ಕಾರು ಹೆಚ್ಚು ಕಾಲ ಬಾಳುತ್ತದೆ. ಮಳೆಗಾಲದಲ್ಲೂ ಹೊಳವಾದ ದಿನ ಹೊರಗೆ ತೆಗೆದು, ಎಲ್ಲ ಬಿಸಿಯಾಗುವಷ್ಟು ದೂರ ಓಡಿಸಿ. ಕರಾವಳಿಗೆ ಹೋಗಿ ಬಂದರೆ ಅದೇ ಸಂಜೆ ಅಡಿ ತೊಳೆಯಿರಿ. ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಟಾರ್ಚು, ತಂತಿ, ಸುತ್ತಿಗೆ ಹಿಡಿದು ಅಡಿಗೆ ಹೋಗಿ. ಒಳಗಿನ ಜಿಡ್ಡನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಸಿಂಪಡಿಸಿ.